ನೋವಿಲ್ಲದ ಹೃದ್ರೋಗ: ಮಧುಮೇಹ ಇರುವವರೊಂದಿಗೆ ಕೆಲವು ಮಾತು

(ಗೋವಾದ ವಾಸ್ಕೊದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದೇ ವರದಿಯಲ್ಲಿದ್ದ ಇನ್ನೊಂದು ಅಂಕಿ ಗೋವಾದಲ್ಲಿ ನೆಲೆಸಿರುವ ನಮಗೆ ಇನ್ನೂ ಹತ್ತಿರದ್ದು. ವಯಸ್ಕರಲ್ಲಿ ಮಧುಮೇಹದ ಪ್ರಮಾಣ ದೇಶದ ಸರಾಸರಿಯಲ್ಲಿ ಶೇ. 11.4 ಇದ್ದರೆ ಗೋವಾದಲ್ಲಿ ಶೇ. 26.4 ಇತ್ತು, ಮತ್ತು ಅದು ಎಲ್ಲ ರಾಜ್ಯಗಳ ಪೈಕಿ ಅತಿ ಹೆಚ್ಚಿನದು. ಅಂದರೆ ಈ ರಾಜ್ಯದಲ್ಲಿ ನಾಲ್ಕು ಜನ ದೊಡ್ಡವರು ಒಂದೆಡೆ ಕುಳಿತರೆ ಅವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇರುವ ಸಂಭವವಿದೆ.

ಈ ಕಾಯಿಲೆಯ ಭಯ ನಮ್ಮವರಿಗೆ ಇಲ್ಲವೆಂದಲ್ಲ. ಕಣ್ಣು ಹೋದೀತು, ಕಿಡ್ನಿ ಕೆಟ್ಟೀತು, ಕಾಲಿನ ಗಾಯ ಮಾಯದೆ ಬೆರಳು ತೆಗೆಯಬೇಕಾದೀತು ಎಂದು ಎಲ್ಲರೂ ಹೆದರುತ್ತಾರೆ. ಆದರೆ ಮಧುಮೇಹಿಗಳ ಪ್ರಾಣವನ್ನು ಅತಿ ಹೆಚ್ಚಾಗಿ ತೆಗೆಯುವುದು ಹೃದಯ ಮತ್ತು ರಕ್ತನಾಳಗಳ ರೋಗ. ಆ ಮಾತು ಎತ್ತಿದ ಕೂಡಲೇ ನನಗೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: "ಎದಿಯೊಳಗ ಒಂದ್ ಚೂರೂ ನೋವಿಲ್ರೀ ಡಾಕ್ಟರ್ರ, ಹಾರ್ಟಿಗೆ ಏನಾಗಿರ್ತೈತಿ?" ಮಧುಮೇಹ ಇರುವವರಲ್ಲಿ ಎದೆನೋವು ಇಲ್ಲದಿರುವುದರಿಂದ ಹೃದಯ ಚೆನ್ನಾಗಿದೆಯೆಂದು ತೀರ್ಮಾನಿಸಲು ಬರುವುದಿಲ್ಲ ಎಂಬುದನ್ನು ಇಂದು ಬಿಡಿಸಿ ಹೇಳಬೇಕೆಂದಿದ್ದೇನೆ. ಹಾಗೆಂದು ಸಾಲು ಸಾಲಾಗಿ ದುಬಾರಿ ಪರೀಕ್ಷೆ ಮಾಡಿಸಿಕೊಂಡರೆ ಜೀವ ಉಳಿಯುತ್ತದೆ ಎಂಬುದೂ ನಿಜವಲ್ಲ. ಈ ಎರಡನ್ನೂ ಒಟ್ಟಿಗೆ ಅರ್ಥ ಮಾಡಿಕೊಂಡರೆ ಮಾತ್ರ ಏನು ಮಾಡಬೇಕೆಂಬುದು ತಿಳಿಯುತ್ತದೆ.

ನೋವು ಏಕೆ ತಿಳಿಯುವುದಿಲ್ಲ

ಹೃದಯದ ಸ್ನಾಯುವಿಗೆ ರಕ್ತ ಕಡಿಮೆಯಾದಾಗ ಅಲ್ಲಿ ಸಂಗ್ರಹವಾಗುವ ರಾಸಾಯನಿಕಗಳು ಸುತ್ತಲಿನ ನರತುದಿಗಳನ್ನು ಕೆರಳಿಸುತ್ತವೆ. ಆ ಸಂದೇಶ ತೆಳುವಾದ ನರತಂತುಗಳ ಮೂಲಕ ಬೆನ್ನುಹುರಿಯ ಮೇಲ್ಭಾಗವನ್ನು ಸೇರಿ, ಅಲ್ಲಿಂದ ಮೆದುಳಿಗೆ ಹೋಗುತ್ತದೆ. ತೋಳು, ಭುಜ ಮತ್ತು ಬೆನ್ನಿನ ಮೇಲ್ಭಾಗದ ನರಗಳೂ ಹತ್ತಿರ ಹತ್ತಿರ ಅಲ್ಲಿಗೇ ಬಂದು ಸೇರುವುದರಿಂದ, ಹೃದಯದ ನೋವು ಎಡತೋಳಿನಲ್ಲೋ ಬೆನ್ನಿನಲ್ಲೋ ಬಂದಂತೆ ಅನಿಸುವುದುಂಟು.

ಹಲವು ವರ್ಷ ಸಕ್ಕರೆ ಏರಿಯೇ ಇದ್ದರೆ ಇಂಥ ತೆಳು ನರಗಳೂ, ಅವುಗಳಿಗೆ ರಕ್ತ ಕೊಡುವ ಸೂಕ್ಷ್ಮ ನಾಳಗಳೂ ಹಾಳಾಗುತ್ತಾ ಬರುತ್ತವೆ. ಪಾದದಲ್ಲಿ ಜೋಮು, ಉರಿ, ಚಪ್ಪಲಿ ಕಳಚಿ ಹೋದರೂ ತಿಳಿಯದಿರುವುದು ಇವೆಲ್ಲ ಆ ಹಾನಿಯ ಲಕ್ಷಣಗಳೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಅದೇ ಹಾನಿ ಹೃದಯದ ನರಗಳಿಗೂ ತಗಲುತ್ತದೆ. ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದವರಿಗೆ ಹೃದಯದ ರಕ್ತನಾಳ ಕಟ್ಟಿದ್ದೂ ತಿಳಿಯದೆ ಹೋಗಬಹುದು. ಕರೆಗಂಟೆಯ ತಂತಿ ಕಡಿದುಹೋಗಿದ್ದರೆ ಬಾಗಿಲಿಗೆ ಯಾರೂ ಬಂದೇ ಇಲ್ಲ ಎಂದು ಒಳಗೆ ಕುಳಿತವರು ಅಂದುಕೊಳ್ಳುವ ಹಾಗೆ ಇದು.

ಈ ನರಗಳು ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ನಿಯಂತ್ರಿಸುವುದರಿಂದ, ಅವು ಕೆಟ್ಟಿರುವುದಕ್ಕೆ ಕೆಲವು ಸುಳಿವುಗಳು ಹೊರಗೇ ಸಿಗುತ್ತವೆ. ಸುಮ್ಮನೆ ಕುಳಿತಿದ್ದಾಗಲೂ ನಾಡಿ ನಿಮಿಷಕ್ಕೆ 100ರ ಮೇಲೇ ಇರುವುದು, ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದು, ಮಲಗಿದ್ದಾಗ ನೋಡಿದ ಬಿ.ಪಿ.ಯ ಮೇಲಿನ ಅಂಕಿ ಎದ್ದು ನಿಂತ ಮೂರು ನಿಮಿಷದೊಳಗೆ 20 ಅಂಕಿಗಿಂತ ಹೆಚ್ಚು ಇಳಿಯುವುದು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಲು ಐದಾರು ನಿಮಿಷ ಸಾಕು, ಹೆಚ್ಚಿನ ಖರ್ಚೂ ಇಲ್ಲ. ಇಷ್ಟು ಉಪಯುಕ್ತವಾದ ಈ ಪರೀಕ್ಷೆಯನ್ನು ರೋಗಿಗಳ ಸರದಿಯ ಗಡಿಬಿಡಿಯಲ್ಲಿ ನಾವು ವೈದ್ಯರು ಬಿಟ್ಟುಬಿಡುವುದೇ ಹೆಚ್ಚು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ "ನಿಂತಾಗಲೂ ಬಿ.ಪಿ. ನೋಡ್ರಿ" ಎಂದು ನೀವೇ ಕೇಳಿ.

ಇನ್ನೊಂದು ಸಂಗತಿಯಿದೆ. ಎರಡನೇ ಬಗೆಯ ಮಧುಮೇಹ ಪತ್ತೆಯಾಗುವುದಕ್ಕೆ ಹಲವು ವರ್ಷ ಮೊದಲೇ ದೇಹದಲ್ಲಿ ಬೇರೂರಿರುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ಯು.ಕೆ.ಪಿ.ಡಿ.ಎಸ್. ಎಂಬ ದೀರ್ಘ ಅಧ್ಯಯನವು ಆಗಷ್ಟೇ ಮಧುಮೇಹ ಪತ್ತೆಯಾಗಿದ್ದ 5,102 ಜನರನ್ನು ಸೇರಿಸಿಕೊಂಡಿತ್ತು. ಅವರಲ್ಲಿ ಹಲವರ ಆರಂಭದ ಇಸಿಜಿಗಳನ್ನು ನಂತರ ಪರಿಶೀಲಿಸಿದಾಗ, ಸುಮಾರು ಆರರಲ್ಲಿ ಒಬ್ಬರಿಗೆ ಹಿಂದೆಂದೋ ತಿಳಿಯದೆ ಆಗಿಹೋಗಿದ್ದ ಹೃದಯಾಘಾತದ ಗುರುತು ಕಂಡಿತು. ಸಕ್ಕರೆ ಇದೆಯೆಂದು ವೈದ್ಯರು ಹೇಳಿದ ದಿನವೇ ಅವರ ಹೃದಯದಲ್ಲಿ ಹಳೆಯ ಗಾಯವೊಂದಿತ್ತು.

ನೋವಿನ ಬದಲು ಏನು ಕಾಣಿಸುತ್ತದೆ

ನೋವಿಲ್ಲದ ಹೃದ್ರೋಗವೆಂದರೆ ಏನೂ ಲಕ್ಷಣವೇ ಇಲ್ಲದ್ದು ಎಂದು ಯಾವಾಗಲೂ ಅರ್ಥವಲ್ಲ. ಬಹಳ ಸಲ ಲಕ್ಷಣ ಇರುತ್ತದೆ. ಅದನ್ನು ನಾವು ಹೃದಯದ ಲೆಕ್ಕಕ್ಕೆ ಹಾಕುವುದಿಲ್ಲ. ನನ್ನ ಬಳಿ ಬರುತ್ತಿದ್ದ ಒಬ್ಬ ತಾಯಿ ಇಲ್ಲಿ ಖಾನಾವಳಿ ನಡೆಸುತ್ತಿದ್ದರು. ದಿನವೂ ನಿಂತೇ ಜೋಳದ ರೊಟ್ಟಿ ಬಡಿಯುವ ಗಟ್ಟಿ ಜೀವ. ಸಕ್ಕರೆಯ ಗುಳಿಗೆ ಬರೆಸಿಕೊಂಡು ಹೋಗಲು ಬಂದವರು ಹೊರಡುವಾಗ, ಮನೆಗೆ ಹೋಗುವ ಏರಿನಲ್ಲಿ ಈಚೆಗೆ ಎರಡು ಕಡೆ ಕೂರಬೇಕಾಗುತ್ತಿದೆ, ರೊಟ್ಟಿ ಬಡಿಯುವಾಗಲೂ ಸ್ಟೂಲು ಹಾಕಿಕೊಂಡಿದ್ದೇನೆ, ವಯಸ್ಸಾಯಿತಲ್ಲ ಎಂದರು. ಮೊದಲು ಯಾವಾಗ ಹೀಗಿರಲಿಲ್ಲ ಎಂದು ಕೇಳಿದರೆ, ಗಣೇಶ ಚೌತಿಗೆ ಅದೇ ಏರನ್ನು ತರಕಾರಿಯ ಚೀಲ ಹಿಡಿದು ಹತ್ತಿದ್ದೆ ಎಂದರು. ವಯಸ್ಸು ಮೂರು ತಿಂಗಳಲ್ಲಿ ಹಾಗೆ ಏರುವುದಿಲ್ಲ. ಇಸಿಜಿಯಲ್ಲಿ ಹಳೆಯ ಹೃದಯಾಘಾತದ ಗುರುತಿತ್ತು, ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿದಾಗ ಹೃದಯದ ಒಂದು ಭಾಗ ಸರಿಯಾಗಿ ಕುಗ್ಗುತ್ತಿರಲಿಲ್ಲ. ನೆನಪು ಮಾಡಿಕೊಳ್ಳಿ ಎಂದಾಗ, ಒಂದು ರಾತ್ರಿ ವಾಂತಿಯಾಗಿ ಮೈಯೆಲ್ಲ ಬೆವೆತು, ಪಿತ್ತವೆಂದು ಶುಂಠಿ ಕಷಾಯ ಕುಡಿದು ಮಲಗಿದ್ದನ್ನು ಹೇಳಿದರು.

ಆದ್ದರಿಂದ ಮಧುಮೇಹ ಇರುವವರು ಗಮನಿಸಬೇಕಾದದ್ದು ತಮ್ಮ ಶಕ್ತಿಯಲ್ಲಿ ಆಗುವ ಬದಲಾವಣೆಯನ್ನು. ಮೊದಲು ಹತ್ತುತ್ತಿದ್ದ ಮೆಟ್ಟಿಲು, ಮೊದಲು ಹೊರುತ್ತಿದ್ದ ಕೊಡ, ಮೊದಲು ಒಂದೇ ದಮ್ಮಿಗೆ ನಡೆಯುತ್ತಿದ್ದ ದೂರ ಇವುಗಳಲ್ಲಿ ಕೆಲವು ವಾರಗಳಲ್ಲೇ ವ್ಯತ್ಯಾಸ ಕಂಡರೆ ವೈದ್ಯರಿಗೆ ಹೇಳಬೇಕು. ಕೆಲಸ ಮಾಡುವಾಗ ತೇಕು ಬಂದು, ಕೂತರೆ ಕಡಿಮೆಯಾಗುವುದು ಎದೆನೋವಿಗೆ ಸಮನಾದ ಲಕ್ಷಣ. ರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು, ಒಂದು ದಿಂಬಿನ ಬದಲು ಎರಡು ದಿಂಬು ಬೇಕಾಗುವುದು, ಸಂಜೆಗೆ ಪಾದ ಊದಿಕೊಳ್ಳುವುದು ಹೃದಯ ಸೋಲುತ್ತಿರುವುದರ ಸೂಚನೆಯಾಗಿರಬಹುದು. ಕಾರಣವಿಲ್ಲದ ವಿಪರೀತ ಸುಸ್ತು, ದವಡೆಯಲ್ಲಿ ಅಥವಾ ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಬಿಗಿತ, ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದಂತಾಗುವುದು ಇವು ಹೆಂಗಸರಲ್ಲಿ ಹೆಚ್ಚು. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹೃದ್ರೋಗ ಕಡಿಮೆ ಎಂಬ ಮಾತಿಗೆ ಆಧಾರವಿದೆ. ಆದರೆ ಮಧುಮೇಹ ಬಂದ ಹೆಂಗಸರಿಗೆ ಆ ರಕ್ಷಣೆ ಬಹುಪಾಲು ಉಳಿಯುವುದಿಲ್ಲ. ಮನೆಯವರೆಲ್ಲರ ಗುಳಿಗೆಯ ಲೆಕ್ಕ ಇಡುವ ತಾಯಂದಿರು ತಮ್ಮ ಸುಸ್ತನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಇದರಿಂದ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಬೆವರಿನ ವಿಷಯ ಬೇರೆಯಾಗಿಯೇ ಹೇಳಬೇಕು. ಸಕ್ಕರೆ ಕಾಯಿಲೆಯವರು ಇದ್ದಕ್ಕಿದ್ದಂತೆ ಬೆವೆತರೆ ಮನೆಯವರು ಶುಗರ್ ಇಳಿಯಿತೆಂದು ಸಕ್ಕರೆ ತಿನ್ನಿಸುತ್ತಾರೆ. ಅದು ಸರಿಯಾದ ನಡೆ. ಆದರೆ ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಆಗಲೇ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಕೊಟ್ಟು, ಹದಿನೈದು ನಿಮಿಷದ ನಂತರ ಮತ್ತೆ ನೋಡಿ. ಮೀಟರಿನಲ್ಲಿ 180 ಅಥವಾ 250 ಎಂದು ತೋರಿಸುತ್ತಿದ್ದೂ ಮೈ ತಣ್ಣಗೆ ಬೆವರುತ್ತಿದ್ದರೆ, ಜೊತೆಗೆ ವಾಕರಿಕೆ ಅಥವಾ ತೇಕು ಇದ್ದರೆ, ಅದನ್ನು ಹೃದಯಾಘಾತವೆಂದೇ ತಿಳಿದು ಹೊರಡಬೇಕು. ಮೀಟರ್ ಇಲ್ಲದಿದ್ದರೆ ಎಚ್ಚರವಿರುವವರಿಗೆ ಸಕ್ಕರೆ ಕೊಡಿ, ಅದರ ಜೊತೆಗೇ 108ಕ್ಕೂ ಫೋನ್ ಮಾಡಿ. ಈನೋ, ಸೋಡಾ, ಓಮಿನ ನೀರು ಕುಡಿಸಿ ಬೆಳಗಾಗುವವರೆಗೆ ನೋಡೋಣ ಎನ್ನುವ ರಾತ್ರಿಗಳಲ್ಲೇ ಹೃದಯದ ಸ್ನಾಯು ಸಾಯುವುದು. ಗೋವಾದಲ್ಲಿ ಈ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇಸಿಜಿ ತೆಗೆದು, ಅದನ್ನು ತಜ್ಞರಿಗೆ ಕಳುಹಿಸಿ ಓದಿಸಿ, ಅಗತ್ಯವಿದ್ದರೆ ರೋಗಿಯನ್ನು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಸಾಗಿಸುವ ವ್ಯವಸ್ಥೆ ಇದೆ. ವಾಸ್ಕೊದವರಿಗೆ ಚಿಕಲಿಂ ಸರ್ಕಾರಿ ಆಸ್ಪತ್ರೆ ಹತ್ತಿರ. ಮೊದಲ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಎದ್ದು ಬರಬೇಡಿ. ಸ್ವಲ್ಪ ಹೊತ್ತಿನ ನಂತರ ಮತ್ತೊಂದು ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತದ ಟ್ರೊಪೋನಿನ್ ಪರೀಕ್ಷೆ ಆಗುವವರೆಗೆ ಅಲ್ಲೇ ಇರಿ.

ಹಾಗಾದರೆ ಎಲ್ಲರೂ ಪರೀಕ್ಷೆ ಮಾಡಿಸಬೇಕೆ?

ಇಷ್ಟು ಕೇಳಿದ ಮೇಲೆ ನಾಳೆಯೇ ಟ್ರೆಡ್‌ಮಿಲ್, ಸಿ.ಟಿ. ಆಂಜಿಯೋ ಎಲ್ಲ ಮಾಡಿಸಿಬಿಡೋಣ ಎಂದು ಅನಿಸುವುದು ಸಹಜ. ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಅಮೆರಿಕ ಮತ್ತು ಕೆನಡಾದಲ್ಲಿ ಡಿ.ಐ.ಎ.ಡಿ. ಎಂಬ ಅಧ್ಯಯನ ನಡೆಯಿತು. 50ರಿಂದ 75 ವರ್ಷದ, ಎರಡನೇ ಬಗೆಯ ಮಧುಮೇಹವಿದ್ದ, ಹೃದ್ರೋಗದ ಯಾವ ಲಕ್ಷಣವೂ ಇಲ್ಲದ 1,123 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಹೃದಯದ ರಕ್ತಸಂಚಾರದ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿದರು. ಸ್ಕ್ಯಾನ್ ಆದ 522 ಜನರಲ್ಲಿ 113 ಮಂದಿಗೆ, ಅಂದರೆ ಶೇ. 22 ಜನರಿಗೆ, ತಿಳಿಯದ ಹೃದ್ರೋಗದ ಕುರುಹು ಸಿಕ್ಕಿತು. ಅದರ ಇರುವಿಕೆಯೊಂದಿಗೆ ಅತ್ಯಂತ ಬಲವಾಗಿ ಹೊಂದಿಕೊಂಡು ಬಂದದ್ದು, ನಾನು ಆಗಲೇ ಹೇಳಿದ, ಹೃದಯದ ನರಗಳ ದೌರ್ಬಲ್ಯ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸರಾಸರಿ 4.8 ವರ್ಷ ಎರಡೂ ಗುಂಪುಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಹೃದಯಾಘಾತ ಅಥವಾ ಹೃದ್ರೋಗದ ಸಾವು ಸ್ಕ್ಯಾನ್ ಆದವರಲ್ಲಿ ಶೇ. 2.7, ಆಗದವರಲ್ಲಿ ಶೇ. 3.0 ಇತ್ತು. ಲೆಕ್ಕಕ್ಕೆ ಬರುವ ವ್ಯತ್ಯಾಸವೇ ಇಲ್ಲ. ಮೂರು ವರ್ಷದ ನಂತರ ಮತ್ತೆ ಸ್ಕ್ಯಾನ್ ಮಾಡಿದಾಗ, ಮೊದಲು ದೋಷ ಕಂಡಿದ್ದವರ ಪೈಕಿ ಶೇ. 79 ಜನರಲ್ಲಿ ಅದು ಕಾಣಲಿಲ್ಲ. ಆ ಅವಧಿಯಲ್ಲಿ ಕೊಲೆಸ್ಟರಾಲಿನ ಮತ್ತು ಬಿ.ಪಿ.ಯ ಔಷಧಿಗಳನ್ನು ತೆಗೆದುಕೊಳ್ಳುವವರ ಸಂಖ್ಯೆ ಹೆಚ್ಚಾಗಿತ್ತು.

ಇದಕ್ಕೆ ಕಾರಣ ರೋಗದ ಸ್ವಭಾವದಲ್ಲೇ ಇದೆ. ಮಧುಮೇಹಿಗಳ ರಕ್ತನಾಳದಲ್ಲಿ ಕೊಬ್ಬು ಒಂದೇ ಕಡೆ ಗಡ್ಡೆಗಟ್ಟುವುದಕ್ಕಿಂತ ಉದ್ದಕ್ಕೂ, ಸಣ್ಣ ಕವಲುಗಳಲ್ಲೂ ಹರಡಿಕೊಂಡಿರುತ್ತದೆ. ಹೃದಯಾಘಾತ ಆಗುವುದು ಅನೇಕ ಸಲ ನಾಳವನ್ನು ಅರ್ಧವೂ ಮುಚ್ಚಿರದ ಕೊಬ್ಬಿನ ಪದರವೊಂದು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಅಷ್ಟು ಸಣ್ಣ ತಡೆ ಟ್ರೆಡ್‌ಮಿಲ್ಲಿನಲ್ಲಿ ಕಾಣುವುದಿಲ್ಲ. ಸ್ಟೆಂಟು, ಅಂದರೆ ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಹಾಕಿದ ಒಂದು ಅಂಗುಲ ಜಾಗ ತೆರೆದುಕೊಳ್ಳಬಹುದು, ಉಳಿದ ನಾಳ ಹಾಗೆಯೇ ಇರುತ್ತದೆ. ಮಧುಮೇಹದ ಜೊತೆಗೆ ಸ್ಥಿರವಾದ ಹೃದ್ರೋಗವಿದ್ದ 2,368 ಜನರ ಮೇಲೆ ನಡೆದ ಬಾರಿ-2ಡಿ ಅಧ್ಯಯನದಲ್ಲಿ, ಸ್ಟೆಂಟು ಅಥವಾ ಬೈಪಾಸ್ ಕೂಡಲೇ ಮಾಡಿಸಿಕೊಂಡವರಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇ. 88.3, ಮೊದಲಿಗೆ ಔಷಧಿಯನ್ನೇ ನೆಚ್ಚಿಕೊಂಡವರಲ್ಲಿ ಶೇ. 87.8.

ಪರೀಕ್ಷೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ತೇಕು, ಹೊಸ ಸುಸ್ತು ಮುಂತಾದ ಲಕ್ಷಣ ಇರುವವರಿಗೆ, ಇಸಿಜಿಯಲ್ಲಿ ದೋಷ ಕಂಡವರಿಗೆ, ನಡೆದರೆ ಮೀನಖಂಡ ಹಿಡಿದುಕೊಳ್ಳುವವರಿಗೆ ಪರೀಕ್ಷೆ ಬೇಕೇ ಬೇಕು, ಮತ್ತು ತಡಮಾಡಬಾರದು. ಯಾವ ಲಕ್ಷಣವೂ ಇಲ್ಲದವರಿಗೆ ವರ್ಷಕ್ಕೊಂದು ಇಸಿಜಿ, ಬಿ.ಪಿ., ಕೊಲೆಸ್ಟರಾಲ್, ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಪಾದಗಳ ತಪಾಸಣೆ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆ ಇಷ್ಟು ಸಾಕು. ಮೂತ್ರದ ಪರೀಕ್ಷೆಯನ್ನು ಬರಿಯ ಕಿಡ್ನಿಗೆ ಸಂಬಂಧಿಸಿದ್ದೆಂದು ಬಿಡಬೇಡಿ. ಅಲ್ಲಿ ಆಲ್ಬುಮಿನ್ ಸೋರುತ್ತಿದ್ದರೆ ಹೃದಯದ ಅಪಾಯವೂ ಹೆಚ್ಚಿದೆಯೆಂದೇ ಅರ್ಥ.

ಜೀವ ಉಳಿಸುವ ಕೆಲಸ

ಡೆನ್ಮಾರ್ಕಿನ ಸ್ಟೆನೋ-2 ಅಧ್ಯಯನವನ್ನು ನಾನು ಎಲ್ಲ ಕಡೆ ಹೇಳುತ್ತೇನೆ. ಅದರಲ್ಲಿದ್ದವರು 160 ಜನ ಮಾತ್ರ. ಎಲ್ಲರಿಗೂ ಮಧುಮೇಹವಿದ್ದು ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿತ್ತು. ಅರ್ಧ ಜನರಿಗೆ ಆ ಕಾಲದ ರೂಢಿಯ ಚಿಕಿತ್ಸೆ, ಇನ್ನರ್ಧ ಜನರಿಗೆ ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್, ಆಹಾರ, ವ್ಯಾಯಾಮ, ಧೂಮಪಾನ ಎಲ್ಲವನ್ನೂ ಒಟ್ಟಿಗೆ ಹಿಡಿದು ಬಿಗಿಯಾದ ಚಿಕಿತ್ಸೆ. ಸುಮಾರು ಎಂಟು ವರ್ಷದಲ್ಲಿ ಮೊದಲ ಗುಂಪಿನ ಶೇ. 44 ಜನರಿಗೆ ಹೃದಯ ಮತ್ತು ರಕ್ತನಾಳಗಳ ತೊಂದರೆ ಬಂತು, ಎರಡನೆಯ ಗುಂಪಿನಲ್ಲಿ ಶೇ. 24 ಜನರಿಗೆ. ಎರಡು ದಶಕ ದಾಟಿದ ಮೇಲೆ ನೋಡಿದಾಗ, ಬಿಗಿ ಚಿಕಿತ್ಸೆಯ ಗುಂಪಿನವರು ಸುಮಾರು ಎಂಟು ವರ್ಷ ಹೆಚ್ಚು ಬದುಕಿದ್ದರು. ಅಲ್ಲಿ ಬಳಸಿದ ಬಹುತೇಕ ಗುಳಿಗೆಗಳು ಇಂದು ನಮ್ಮ ಜನೌಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಜಾತಿಯವೇ.

ಸಕ್ಕರೆಯ ಅಂಕಿಯೊಂದನ್ನೇ ನೋಡಿ ಸಮಾಧಾನ ಪಡುವವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಸಕ್ಕರೆಯನ್ನು ಅತಿಯಾಗಿ ಇಳಿಸಲು ಹೋದ ಅಕಾರ್ಡ್ ಎಂಬ ಅಧ್ಯಯನದಲ್ಲಿ ಸಾವು ಹೆಚ್ಚಾದ್ದರಿಂದ 2008ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎಚ್‌ಬಿಎ1ಸಿ ಬಹಳ ಜನರಿಗೆ 7ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ವಯಸ್ಸಾದವರಿಗೆ ಸ್ವಲ್ಪ ಸಡಿಲಿಸಬಹುದು. ಹೃದಯಕ್ಕೆ ಅದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಮುಖ್ಯವಾದದ್ದು ಬಿ.ಪಿ. 130/80ರ ಒಳಗಿರುವುದು ಮತ್ತು ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್, ಅಪಾಯ ಹೆಚ್ಚಿರುವವರಲ್ಲಿ 70ಕ್ಕಿಂತ ಕೆಳಗಿರುವುದು. 2004ರ ಕಾರ್ಡ್ಸ್ ಅಧ್ಯಯನದಲ್ಲಿ ಹೃದ್ರೋಗವಿಲ್ಲದ, ಕೊಲೆಸ್ಟರಾಲ್ ಕೂಡ ಹೆಚ್ಚಿಲ್ಲದ 2,838 ಮಧುಮೇಹಿಗಳಲ್ಲಿ ದಿನಕ್ಕೆ 10 ಮಿ.ಗ್ರಾಂ. ಅಟೊರ್ವಸ್ಟಾಟಿನ್ ಎಂಬ ಕೊಲೆಸ್ಟರಾಲಿನ ಗುಳಿಗೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವನ್ನು ಶೇ. 37 ತಗ್ಗಿಸಿತು. ಈಚಿನ ವರ್ಷಗಳಲ್ಲಿ ಬಂದ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಎಂಬ ಸಕ್ಕರೆಯ ಗುಳಿಗೆಗಳು ಹೃದಯ ಸೋಲುವುದನ್ನೂ ತಡೆಯುತ್ತವೆ. ನಿಮಗೆ ಒಗ್ಗುತ್ತವೆಯೇ ಎಂದು ವೈದ್ಯರನ್ನು ಕೇಳಿ.

ತಂಬಾಕು ಬಿಡದೆ ಇವೆಲ್ಲದರ ಪೂರ್ಣ ಫಲ ಸಿಗುವುದಿಲ್ಲ. ಬೀಡಿ ಬಿಟ್ಟು ಸುಣ್ಣದ ಜೊತೆ ತಿಕ್ಕಿ ಹಾಕಿಕೊಳ್ಳುವುದು ಬಿಟ್ಟಂತಾಗುವುದಿಲ್ಲ. ಇನ್ನೊಂದು ವಿಷಯ ನಮ್ಮವರಲ್ಲಿ ನಾನು ಹೆಚ್ಚಾಗಿ ಕಾಣುವುದು: ಜಾತ್ರೆಗೋ ಮದುವೆಗೋ ಗದಗ, ಹಾವೇರಿ, ಬಾಗಲಕೋಟೆಯ ಕಡೆ ಊರಿಗೆ ಹೋದವರು ಗುಳಿಗೆಯ ಚೀಲ ಇಲ್ಲೇ ಬಿಟ್ಟು ಹೋಗುತ್ತಾರೆ, ಹದಿನೈದು ದಿನ ಏನೂ ಆಗಲಿಲ್ಲವೆಂದು ಬಂದ ಮೇಲೂ ಶುರು ಮಾಡುವುದಿಲ್ಲ. ನೋವಿಲ್ಲದ ರೋಗಕ್ಕೆ ತೆಗೆದುಕೊಳ್ಳುವ ಗುಳಿಗೆ ಬಿಟ್ಟರೆ ಅದರ ಪರಿಣಾಮವೂ ನೋವಾಗಿ ತಿಳಿಯುವುದಿಲ್ಲ.

ಸಭಿಕರ ಪ್ರಶ್ನೆಗಳು

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ. ಕೊಲೆಸ್ಟರಾಲಿನ ಸ್ಟಾಟಿನ್ ಗುಳಿಗೆ ತಗೊಂಡರೆ ಶುಗರ್ ಏರುತ್ತದಂತೆ, ನಿಜವೇ ಎಂದು ಹಿರಿಯರೊಬ್ಬರು ಕೇಳಿದರು. ಸ್ವಲ್ಪ ಏರುವುದು ನಿಜ, ಆದರೆ ಅದು ಹೃದಯಾಘಾತವನ್ನು ತಪ್ಪಿಸುವ ಲಾಭದ ಮುಂದೆ ಬಹಳ ಚಿಕ್ಕದು. ಸ್ನಾಯುಗಳಲ್ಲಿ ತೀವ್ರ ನೋವು ಬಂದರೆ ತಾವಾಗಿಯೇ ಬಿಡದೆ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಗುಳಿಗೆಯನ್ನೋ ಬದಲಿಸಲು ಬರುತ್ತದೆ.

ಮುಂಜಾಗ್ರತೆಗೆಂದು ದಿನವೂ ಆಸ್ಪಿರಿನ್ ನುಂಗಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಹೃದಯಾಘಾತ ಆದವರಿಗೆ, ಸ್ಟೆಂಟು ಹಾಕಿದವರಿಗೆ ಅದು ಅವಶ್ಯ. ಹಾಗೇನೂ ಆಗಿರದ ಮಧುಮೇಹಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಸೆಂಡ್ ಅಧ್ಯಯನದಲ್ಲಿ ಆಸ್ಪಿರಿನ್ ಹೃದಯಾಘಾತ, ಪಾರ್ಶ್ವವಾಯು ಮುಂತಾದವನ್ನು ಶೇ. 12ರಷ್ಟು ತಗ್ಗಿಸಿತು, ಆದರೆ ದೊಡ್ಡ ರಕ್ತಸ್ರಾವವನ್ನು ಶೇ. 29ರಷ್ಟು ಹೆಚ್ಚಿಸಿತು. ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ.

ನಾನು ಸಣಕಲು ಮನುಷ್ಯ, ನನಗೂ ಇದೆಲ್ಲ ಅನ್ವಯಿಸುತ್ತದೆಯೇ ಎಂದು ಒಬ್ಬರು ಕೇಳಿದರು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3, ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನಮ್ಮ ಮೈಯಲ್ಲಿ ಕೊಬ್ಬು ಕಣ್ಣಿಗೆ ಕಾಣದ ಹಾಗೆ ಕುಳಿತಿರುತ್ತದೆ. ತೂಕಕ್ಕಿಂತ ಸೊಂಟದ ಅಳತೆ ನೋಡಿಕೊಳ್ಳಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು.

ಕೊನೆಯದಾಗಿ, ಯಾವ ಪರೀಕ್ಷೆಯೂ ಇಲ್ಲದೆ ವಾಕಿಂಗ್ ಆರಂಭಿಸಬಹುದೇ ಎಂದು ತಾಯಿಯೊಬ್ಬರು ಕೇಳಿದರು. ಲಕ್ಷಣಗಳಿಲ್ಲದಿದ್ದರೆ ಖಂಡಿತ ಆರಂಭಿಸಬಹುದು. ಮೊದಲ ವಾರ ಹತ್ತು ನಿಮಿಷ ಸಮತಟ್ಟಾದ ದಾರಿಯಲ್ಲಿ ನಡೆದು, ವಾರ ವಾರ ಹೆಚ್ಚಿಸುತ್ತಾ ದಿನಕ್ಕೆ ಅರ್ಧ ಗಂಟೆಗೆ ತನ್ನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮನೆಯ ಪಡಸಾಲೆಯಲ್ಲೇ ನಡೆದರೂ ಆಯಿತು. ಪಾದದಲ್ಲಿ ಸ್ಪರ್ಶ ಕಡಿಮೆಯಿದ್ದವರು ಬರಿಗಾಲಿನಲ್ಲಿ ನಡೆಯಬಾರದು. ಜಿಮ್ಮಿಗೆ ಸೇರಿ ಭಾರ ಎತ್ತುವವರು, ಓಟ ಆರಂಭಿಸುವವರು ಮೊದಲು ಇಸಿಜಿ ಮಾಡಿಸಿ ವೈದ್ಯರೊಂದಿಗೆ ಮಾತನಾಡಿ. ನಿನ್ನೆ ಸಲೀಸಾಗಿ ನಡೆದ ದೂರಕ್ಕೆ ಇಂದು ತೇಕು ಬಂದರೆ ಅಲ್ಲೇ ಕುಳಿತುಕೊಳ್ಳಿ, ನಾಳೆ ಮತ್ತೆ ನಡೆದು ನೋಡೋಣ ಎನ್ನದೆ ಅಂದೇ ಹೋಗಿ ಇಸಿಜಿ ಮಾಡಿಸಿ.